ಭಾನುವಾರ ಹನ್ನೊಂದಕ್ಕೆ ಒಂದು ಪದ

1999ರ ಮಾರ್ಚ್ 7, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ತಿಲಗವತಿ ತಮಿಳುನಾಡಿನ ಚಿನ್ನಮನೂರಿನ ತಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೂರನೇ ನಂಬರಿನ ಯಂತ್ರದ ಅಚ್ಚುಗಳನ್ನು ಗುಂಡುಸೂಜಿಯಿಂದ ಚುಚ್ಚಿ ಶುಚಿ ಮಾಡುತ್ತಿದ್ದರು. ಹೊಟ್ಟೆಯಿರುವ ಇಂಗ್ಲಿಷ್ ಅಕ್ಷರಗಳಲ್ಲಿ ಶಾಯಿಯೂ ರಿಬ್ಬನ್ನಿನ ನೂಲೂ ಸೇರಿ ಗಟ್ಟಿಯಾಗುತ್ತವೆ. ವಾರಕ್ಕೊಮ್ಮೆ ಬಿಡಿಸದಿದ್ದರೆ ಕಾಗದದ ಮೇಲೆ ಅಕ್ಷರದ ಬದಲು ಕಪ್ಪು ಚುಕ್ಕೆ ಬೀಳುತ್ತದೆ. ಹನ್ನೊಂದು ಯಂತ್ರಗಳಿದ್ದವು. ಇಪ್ಪತ್ತು ವರ್ಷಗಳಿಂದ ಭಾನುವಾರದ ರಜೆಯಲ್ಲಿ ಅವರು ಮಾಡುತ್ತಿದ್ದ ಕೆಲಸ ಅದೇ.

ಅಚ್ಚು ಶುಚಿಯಾದ ಮೇಲೆ ಏನಾದರೂ ಹೊಡೆದು ನೋಡಬೇಕು. ಆ ದಿನ ಅವರು ಕಾಗದ ಹಾಕಿ ಹೊಡೆದದ್ದು ಇಂಗ್ಲಿಷಿನಲ್ಲಿ ಒಂದು ಯೋಜನೆ. ಮೂರು ಕಾಲಂ: ಗುರಿ, ವಿಧಾನ, ಅಳತೆ. ಗುರಿಯ ಕೆಳಗೆ ಮೂರು ಸಾಲು. ಮನೆಯಲ್ಲಿ ನಮ್ಮ ಮಾತು ಆಡುವವರು ನೂರು ಜನ, ದೀಪಾವಳಿಯೊಳಗೆ. ಪ್ರತಿಯೊಬ್ಬರೂ ತಿಂಗಳಿಗೆ ಒಂದು ಸಲವಾದರೂ ಬರೆಯಬೇಕು. ಮೂರನೆಯದರ ಮುಂದೆ ಎರಡು ಅಕ್ಷರ ಮಾತ್ರ: ಮು. ಸೆ. ಅದರ ಎದುರು ವಿಧಾನವೂ ಖಾಲಿ, ಅಳತೆಯೂ ಖಾಲಿ.

ಬಾಗಿಲಲ್ಲಿ ನಿಂತಿದ್ದ ಗಂಡ ಕಾಮರಾಜ್ ಹೆಗಲ ಟವಲು ಕೊಡವಿದರು. ಮಾರ್ಕಯನ್‌ಕೋಟ್ಟೈಯಲ್ಲಿ ಅವರಿಗೆ ಬಾಳೆಯೂ ಒಂದಿಷ್ಟು ದ್ರಾಕ್ಷಿಯೂ ಇತ್ತು. ಹೆಂಡತಿಯನ್ನು ತೇನಿಯ ಬಸ್ಸು ಹತ್ತಿಸಲು ಬಂದಿದ್ದರು. ಹೆಂಡತಿಯನ್ನು ಅವರು ಕರೆಯುತ್ತಿದ್ದದ್ದು ವಾದ್ಯಾರಮ್ಮ, ಅಂದರೆ ಟೀಚರಮ್ಮ, ಎಂದು.

"ಏನ್ ವಾದ್ಯಾರಮ್ಮಾ, ಭಾನುವಾರನೂ ಮಿಷನ್ ಕೂಡ ಕುಡುಂಬ ನಡಸ್ತೀಯಾ?"

"ಮಿಷನ್ ಎದುರು ಮಾತಾಡದಿಲ್ಲ. ಅದ್ಕೆ."

"ನಾ ಎದುರು ಮಾತಾಡಿ ಎಷ್ಟ್ ವರ್ಸ ಆತು?" ಎಂದು ಕಾಮರಾಜ್ ಯಂತ್ರದ ಮೇಲೆ ಬಾಗಿ ಮೂರನೇ ಸಾಲನ್ನು ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಕಷ್ಟ. ಆದರೆ ಎರಡು ಅಕ್ಷರ ಓದಲು ಕಷ್ಟವೇನೂ ಇರಲಿಲ್ಲ. ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಬಸ್ಸು ಬರೋ ನೇರ ಆತು, ಏಳು" ಎಂದರು.

ಮು. ಸೆ. ಎಂದರೆ ಮುತ್ತುಸೆಲ್ವಿ, ತಿಲಗವತಿಯ ಸೋದರತ್ತೆ ಮೂಕಮ್ಮಾಳ್ ಅವರ ಒಬ್ಬಳೇ ಮಗಳು. ಇಬ್ಬರೂ 1955ರಲ್ಲಿ ಒಂದೇ ಬೀದಿಯಲ್ಲಿ ಹುಟ್ಟಿದವರು. ಹದಿನೆಂಟನೇ ವಯಸ್ಸಿಗೆ ಇಬ್ಬರೂ ಉತ್ತಮಪಾಳೆಯಂಗೆ ಟೈಪಿಂಗ್ ಕಲಿಯಲು ಹೋದರು. ಪಕ್ಕಪಕ್ಕದ ಯಂತ್ರ. ಸೆಲ್ವಿಯ ಕೈ ಹೆಚ್ಚು ಚುರುಕು, ತಿಲಗವತಿಯ ಕೈಯಲ್ಲಿ ತಪ್ಪು ಕಡಿಮೆ. 1974ರ ಆಗಸ್ಟಿನಲ್ಲಿ ಟೈಪಿಂಗಿನ ಮೊದಲ ಹಂತವಾದ ಇಂಗ್ಲಿಷ್ ಲೋವರ್ ಪರೀಕ್ಷೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಸೆಲ್ವಿ ಬಂದು, "ಒಂದ್ ಬಸ್ಸು ಬಿಟ್ಟು ಬಾ ತಿಲಗಂ, ಒಸಿ ಮಾತೈತೆ" ಎಂದಳು. ಪರೀಕ್ಷೆಗೆ ಚುರುಕಾಗಲೆಂದು ತಿಲಗವತಿ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡಿದ್ದರು. "ಅಪ್ಪುರಂ ಸೆಲ್ವಿ" ಎಂದರು. ಆಮೇಲೆ ಎಂದು ಅರ್ಥ. ಹತ್ತು ಗಂಟೆಗೆ ಪರೀಕ್ಷೆ ಶುರುವಾದಾಗ ಪಕ್ಕದ ಯಂತ್ರದ ಮುಂದೆ ಯಾರೂ ಇರಲಿಲ್ಲ. ಸೆಲ್ವಿ ವೇದಸಂದೂರಿನ ನೂಲಿನ ಗಿರಣಿಯೊಂದರಲ್ಲಿ ಕೆಲಸದಲ್ಲಿದ್ದ, ಬೇರೆ ಜಾತಿಯ ಯುವಕನೊಂದಿಗೆ ಹೋಗಿದ್ದಳು. ತಿಲಗವತಿ ಮೊದಲ ದರ್ಜೆಯಲ್ಲಿ ಪಾಸಾದರು.

ಸೆಲ್ವಿಯ ಅಪ್ಪ ಬದುಕಿರುವ ತನಕ ಆ ಮನೆಯಲ್ಲಿ ಮಗಳ ಹೆಸರು ಯಾರ ಬಾಯಿಂದಲೂ ಬರಲಿಲ್ಲ. 1981ರಲ್ಲಿ ತಿಲಗವತಿ ಒಮ್ಮೆ ವೇದಸಂದೂರಿಗೆ ಹೋಗಿ ಗಿರಣಿಯ ಗೇಟಿನಲ್ಲಿ ಕೇಳಿದ್ದರು. ಗಂಡ ಹೆಂಡತಿ ಅಲ್ಲಿಂದ ಹೋಗಿ ಮೂರು ವರ್ಷವಾಗಿತ್ತು. ಎಲ್ಲಿಗೆ ಎಂಬುದು ಗೊತ್ತಿರಲಿಲ್ಲ. 1996ರಲ್ಲಿ ಸೆಲ್ವಿಯ ಅಪ್ಪ ತೀರಿಕೊಂಡರು. ತಿಥಿ ಮುಗಿದ ಮಾರನೆಯ ದಿನ ಮೂಕಮ್ಮಾಳ್ ಅಂಗಳದಲ್ಲಿ ಹುಣಸೆ ಬಿಡಿಸುತ್ತ, ಯಾರನ್ನೂ ನೋಡದೆ, "ನಮ್ ಸೆಲ್ವಿಗೆ ಈಗ ನಲವತ್ತೊಂದು" ಎಂದರು. ಇಪ್ಪತ್ತೆರಡು ವರ್ಷಗಳಲ್ಲಿ ಅದು ಮೊದಲ ಸಲ.

ತೇನಿ ಬಸ್ ನಿಲ್ದಾಣದ ಎದುರು ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಮೂರು ಕಂಪ್ಯೂಟರುಗಳ ಬ್ರೌಸಿಂಗ್ ಸೆಂಟರ್ ಇತ್ತು. ನಡೆಸುತ್ತಿದ್ದವರು ವಿಘ್ನೇಶ್ವರನ್, ವಯಸ್ಸು ಇಪ್ಪತ್ತೊಂಬತ್ತು, ಕಂಬಂ ಕಡೆಯವರು. ತಿಲಗವತಿಯ ಮನೆಯಂತೆ ಅವರ ಮನೆಯ ಮಾತೂ ಕನ್ನಡ. ಆದರೆ ಅವರ ಉತ್ತರಗಳೆಲ್ಲ ತಮಿಳಿನಲ್ಲಿ. "ಪುರಿಯುದು ಅಕ್ಕಾ, ಪೇಸ ತಾನ್ ವರಾದು" ಎನ್ನುತ್ತಿದ್ದರು: ತಿಳಿಯುತ್ತದೆ, ಆಡಲು ಬಾರದು. ಇಂಟರ್‌ನೆಟ್ಟಿಗಾಗಿ ಮದುರೈಗೆ ಹತ್ತು ಸಲ ಡಯಲ್ ಮಾಡಿದರೆ ಒಂದು ಸಲ ಲೈನ್ ಸಿಗುತ್ತಿತ್ತು. ಸಿಗುವ ತನಕ ಮಾತಿಗೆ ಬೇಕಾದಷ್ಟು ಸಮಯ.

ಒಂದು ಇ-ಮೇಲ್ ವಿಳಾಸಕ್ಕೆ ಕಳಿಸಿದ ಪತ್ರ ಸೇರಿದವರೆಲ್ಲರಿಗೂ ಹೋಗುವಂಥ ಗುಂಪನ್ನು ಉಚಿತವಾಗಿ ಕಟ್ಟಬಹುದು ಎಂದು ತಿಲಗವತಿಗೆ ಹೇಳಿದವರು ಅವರೇ. ಯೋಜನೆಯ ಕಾಗದವನ್ನು ಓದಿ ಅವರು ಕೇಳಿದ ಮೊದಲ ಪ್ರಶ್ನೆ ಸರಿಯಾಗಿತ್ತು.

"ಅಕ್ಕಾ, ನೂರು ಜನ ಸೇರಿ ಏನು ಮಾಡಬೇಕು?"

"ಮಾತಾಡ್ಬೇಕು."

"ಅದು ಬಸ್ಸಲ್ಲೂ ಆಗುತ್ತೆ. ಇಲ್ಲಿಗೆ ಬಂದು ಯಾಕೆ ಮಾತಾಡಬೇಕು? ಒಂದು ಕಾರಣ ಬೇಕು. ಪ್ರತಿ ವಾರ ಬೇಕು. ಮೂರನೇದು ಏನು, ಮು. ಸೆ.?"

ತಿಲಗವತಿ ಹೇಳಿದರು. ವಿಘ್ನೇಶ್ವರನ್ ಕೇಳಿ ಮುಗಿಸಿ, ಮೂರನೆಯದನ್ನು ಮೊದಲ ದಿನವೇ ಕೇಳಿದರೆ ಗುಂಪು ಅಲ್ಲಿಗೇ ಮುಗಿಯುತ್ತದೆ ಎಂದರು. ಓಡಿಹೋದ ಹೆಣ್ಣನ್ನು ಹುಡುಕಲು ಕಟ್ಟಿದ್ದು ಎಂದು ತಿಳಿದರೆ ಹಿರಿಯರು ಯಾರೂ ಸೇರುವುದಿಲ್ಲ. ಹಿರಿಯರು ಸೇರದಿದ್ದರೆ ಹಳೆಯ ಸಂಗತಿ ಗೊತ್ತಿರುವವರು ಯಾರೂ ಇರುವುದಿಲ್ಲ. ತಿಲಗವತಿ ಒಪ್ಪಿದರು. ಮೂರನೇ ಸಾಲಿನ ವಿಧಾನದ ಕಾಲಂನಲ್ಲಿ ಪೆನ್ಸಿಲಿನಿಂದ "ಕಾಯುವುದು" ಎಂದು ಬರೆದರು.

ಕಾರಣವಾಗಿ ಅವರು ಆರಿಸಿದ್ದು ಪದಗಳನ್ನು. ತೇನಿ, ದಿಂಡಿಗಲ್ ಕಡೆಯ ಬೇಸಾಯದ ಮನೆಗಳಲ್ಲಿ ಉಳಿದ ಕನ್ನಡಕ್ಕೆ ಅಲ್ಲಿ ಲಿಪಿ ಇಲ್ಲ. ಬರೆಯುವುದೆಲ್ಲ ತಮಿಳು. ಕನ್ನಡ ಎಂಬ ಹೆಸರನ್ನೂ ಹೆಚ್ಚಾಗಿ ಯಾರೂ ಹೇಳುವುದಿಲ್ಲ, ನಮ್ ಮಾತು ಎನ್ನುತ್ತಾರೆ. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಗುಂಪಿಗೆ ಒಂದು ವಸ್ತುವನ್ನು ಹೆಸರಿಸದೆ ವರ್ಣಿಸುವುದು. ನಿಮ್ಮ ಮನೆಯಲ್ಲಿ ಅದಕ್ಕೆ ಏನೆನ್ನುತ್ತೀರಿ ಎಂದು ಕೇಳುವುದು. ಇಂಗ್ಲಿಷ್ ಅಕ್ಷರದಲ್ಲಿ ಬರೆಯಬಹುದು, ಆದರೆ ತಮಿಳು ಕೂಡದು, ಮನೆಯ ಮಾತೇ ಆಗಬೇಕು. ಈ ನಿಯಮ ತಿಲಗವತಿಯದು. ಮೊದಲ ಸಲ ಬರೆದವರಿಗೆ ವಾರದೊಳಗೆ ಹೆಸರು ಹಿಡಿದು ಉತ್ತರ ಹೋಗಬೇಕು. ಇದೂ ಅವರದೇ. ಹೊಸದಾಗಿ ಟೈಪಿಂಗಿಗೆ ಸೇರಿದವರನ್ನು ಮೊದಲ ವಾರ ಹೆಸರು ಹಿಡಿದು ಕರೆಯದಿದ್ದರೆ ಎರಡನೇ ವಾರ ಅವರು ಬರುವುದಿಲ್ಲ ಎಂಬುದನ್ನು ಅವರು ಇಪ್ಪತ್ತು ವರ್ಷ ನೋಡಿದ್ದರು.

ಜನರಿಗೆ ಸುದ್ದಿ ತಲುಪಿಸಲು ಒಡ್ಡನ್‌ಛತ್ರಂ ಸಿಕ್ಕಿತು. ಅಲ್ಲಿನ ತರಕಾರಿ ಮಾರುಕಟ್ಟೆಯಲ್ಲಿ ಕಾಮರಾಜರ ಗೆಳೆಯ ಗಣೇಶನ್ ಅವರ ಕಮಿಷನ್ ಮಂಡಿ ಇತ್ತು. ದಿನವೂ ಅಲ್ಲಿಂದ ಲಾರಿಗಳು ಕೇರಳಕ್ಕೆ, ಕೊಯಮತ್ತೂರಿಗೆ, ಸುತ್ತಲಿನ ಗಿರಣಿಗಳ ಕ್ಯಾಂಟೀನಿಗೆ ಹೋಗುತ್ತಿದ್ದವು. ತಿಲಗವತಿ ಸ್ಟೆನ್ಸಿಲ್ ಕೊರೆದು ಐದುನೂರು ಚೀಟಿ ತೆಗೆದು, ಲೋಡಿನ ಜೊತೆ ಹೋಗುವ ಕಾಗದಕ್ಕೆ ಒಂದೊಂದು ಪಿನ್ ಮಾಡಲು ಒಯ್ದರು. ತಮಿಳು ಅಕ್ಷರದಲ್ಲಿ ಮನೆಮಾತಿನ ಎರಡು ಸಾಲು, ಕೆಳಗೆ ಇಂಗ್ಲಿಷಿನಲ್ಲಿ ಗುಂಪಿನ ವಿಳಾಸ.

ಗಣೇಶನ್ ಚೀಟಿಯನ್ನು ದೂರ ಹಿಡಿದು ನೋಡಿದರು. ವಿಳಾಸದ ನಡುವೆ ಸುರುಳಿ ಗುರುತು. ಮಂಡಿಯವರಿಗೆ ಅದು ದರದ ಗುರುತು.

"ಅತ್ತಿಗೆ, ಅಟ್ ದಿ ರೇಟ್ ಹಾಕಿದೀರಿ, ರೇಟೇ ಹಾಕಿಲ್ವಲ್ಲ?"

"ಅದ್ಕೆ ರೇಟಿಲ್ಲ ಗಣೇಶಾ. ಅದು ವಿಳಾಸ."

"ರೇಟಿಲ್ಲದ ಸರಕು ನಮ್ ಮಂಡೀಲಿ ಯಾರೂ ಎತ್ತದಿಲ್ಲ. ನಮ್ಮೋರು ಕೇಳ್ತಾರೆ, ಇದು ಯಾವ ಚೀಟು ಕಂಪನಿ ಅಂತ."

"ಕೇಳಿದ್ರೆ ನೀನೇ ಏಜೆಂಟು ಅನ್ನು."

"ಆಗ ನನ್ನೇ ಎತ್ಕೊಂಡ್ ಹೋಗ್ತಾರೆ, ಮೂಟೆ ಕಟ್ಟಿ" ಎಂದ ಗಣೇಶನ್, ಚೀಟಿಗಳನ್ನು ಮೇಜಿನ ಡ್ರಾದಲ್ಲಿ ಇಟ್ಟುಕೊಂಡರು. ಎಂಟು ವಾರದಲ್ಲಿ ಐದುನೂರೂ ಖರ್ಚಾದವು.

ಮಾರ್ಚ್ 14ರಂದು ಮೊದಲ ಪ್ರಶ್ನೆ ಹೋಯಿತು. ನೆಲ ಗುಡಿಸುವ ವಸ್ತು. ಪ್ರತಿ ಮನೆಯಲ್ಲೂ ಇರುವುದು, ಹೆಸರು ಹೇಳಲು ಯಾರೂ ನಾಚದ್ದು, ಅದಕ್ಕೇ ಆರಿಸಿದ್ದು. ಮೊದಲ ವಾರ ನಾಲ್ಕು ಉತ್ತರ. ನಾಲ್ಕನೇ ವಾರಕ್ಕೆ ಹದಿನೇಳು ಜನ ಸೇರಿದ್ದರು. ದಿಂಡಿಗಲ್ ಕಡೆಯವರೊಬ್ಬರು ಅದು ಪೊರ್ಕೆ ಎಂದರು. ಮುಂಬೈಯಲ್ಲಿದ್ದ ಕಂಬಂನವರೊಬ್ಬರು, ಬರ್ಲು ಎನ್ನದವರು ನಮ್ಮವರೇ ಅಲ್ಲ ಎಂದು ಬರೆದರು. ಅದಕ್ಕೆ ದಿಂಡಿಗಲ್‌ನವರು, ಬರ್ಲನ್ನು ಹಿಡಿದು ಬಂದು ತೋರಿಸಲಿ ಎಂದರು. ಆ ಒಂದು ಜಗಳ ಹದಿನಾಲ್ಕು ಪತ್ರ ತಂದಿತು.

ಮೇ ತಿಂಗಳಲ್ಲಿ ತಿಲಗವತಿ ಯೋಜನೆಯನ್ನು ತಿದ್ದಿದರು. ಇಪ್ಪತ್ತೊಂಬತ್ತು ಸದಸ್ಯರಲ್ಲಿ ಬರೆದವರು ಒಂಬತ್ತು ಮಾತ್ರ. ಉಳಿದ ಇಪ್ಪತ್ತು ಜನ ಓದುತ್ತಾರೋ ಇಲ್ಲವೋ ಗೊತ್ತಾಗುವ ದಾರಿ ಇರಲಿಲ್ಲ. ಎಣಿಸಬೇಕಾದದ್ದು ಸೇರಿದವರನ್ನಲ್ಲ, ಬರೆದವರನ್ನು ಎಂದು ಅಳತೆಯ ಕಾಲಂನಲ್ಲಿ ಹಳೆಯದನ್ನು ಹೊಡೆದು ಹಾಕಿ ಹೊಸದು ಬರೆದರು. ವಿಘ್ನೇಶ್ವರನ್ ಒಪ್ಪಲಿಲ್ಲ. "ಸುಮ್ಮನೆ ಕೂತಿರೋರೂ ಬೇಕು ಅಕ್ಕಾ. ಮದುವೆ ಮನೆಯಲ್ಲಿ ಎಲ್ಲರೂ ಮಂತ್ರ ಹೇಳ್ತಾರಾ?" ತಿಲಗವತಿ ಯೋಚಿಸಿ, ಎರಡನ್ನೂ ಎಣಿಸುವುದಾಗಿ ಒಪ್ಪಿಕೊಂಡರು. ಸುಮ್ಮನಿರುವವರಲ್ಲಿ ಇಬ್ಬರೂ ನೆನೆಯುತ್ತಿದ್ದದ್ದು ಒಬ್ಬಳನ್ನೇ.

ಗುಂಪಿನ ಅತಿ ದೊಡ್ಡ ಅಭಿಮಾನಿ ಕಂಪ್ಯೂಟರನ್ನೇ ಕಂಡಿರದ ಮೂಕಮ್ಮಾಳ್. ವಯಸ್ಸು ಎಪ್ಪತ್ತಾರು, ಕಣ್ಣಿಗೆ ಪೊರೆ. ವಿಘ್ನೇಶ್ವರನ್ ಮುದ್ರಿಸಿ ಕೊಟ್ಟ ಉದ್ದನೆಯ, ಅಂಚಿನಲ್ಲಿ ತೂತುಗಳ ಕಾಗದವನ್ನು ತಿಲಗವತಿ ಭಾನುವಾರ ಸಂಜೆ ಅತ್ತೆಯ ಜಗಲಿಯಲ್ಲಿ ಓದುತ್ತಿದ್ದರು.

"ಇವತ್ತು ಯಾವ ಮಾತು ಬಂತು ಕೂಸೆ?"

"ಇನ್ನೂ ಬರ್ಲೇ ನಡೀತೈತೆ ಅತ್ತೆ."

"ಅಯ್ಯೋ, ನನ್ ಮನೆ ಬರ್ಲಿಗೆ ಬೊಂಬಾಯಿಂದ ಕಾಗ್ದ! ಅದ್ಕೆ ಗೊತ್ತಾದ್ರೆ ನಾಳೆಯಿಂದ ಗುಡ್ಸದಿಲ್ಲ ನೋಡು."

ಓದಿದ್ದು ಮುಗಿದ ಮೇಲೆ ಮೂಕಮ್ಮಾಳ್ ತಲೆಯಾಡಿಸುತ್ತ ಕೂರುತ್ತಿದ್ದರು. ಮುಂಬೈಯ ಯಾರೋ, ಪಾಲಕ್ಕಾಡಿನ ಯಾರೋ, ತಮ್ಮ ಅವ್ವನ ಮಾತನ್ನೇ ಆಡುತ್ತಿದ್ದಾರೆ. ಒಂದು ಸಂಜೆ, "ಇಷ್ಟ್ ದೂರದೋರೆಲ್ಲ ಕೇಳಿಸ್ತಾರೆ" ಎಂದರು. ತಿಲಗವತಿ ಕಾಗದ ಮಡಿಚಿದರು. ಆ ವಾರ ಅವರು ಕಾಯುವುದನ್ನು ನಿಲ್ಲಿಸಿದರು.

ಜುಲೈ 11. ಸದಸ್ಯರು ನಲವತ್ತಮೂರು. ಆ ಭಾನುವಾರ ವಸ್ತುವಿನ ವರ್ಣನೆಯ ಬದಲು ಬೇರೆಯೇ ಪ್ರಶ್ನೆ ಹೋಗುವುದೆಂದು ಮೊದಲೇ ತಿಳಿದ ಗಣೇಶನ್ ಫೋನ್ ಮಾಡಿದ್ದರು. "ಬೇಡ ಅತ್ತಿಗೆ. ಪದ ಕೇಳಿ, ಬರ್ಲು ಕೇಳಿ, ಮೊರ ಕೇಳಿ. ಇದು ಕೇಳಿದ್ರೆ ನನ್ ಮಂಡಿಗೆ ಬಂದು ನಿಂತ್ಕೋತಾರೆ." ತಿಲಗವತಿ, "ನಿಂತ್ಕೊಂಡ್ರೆ ಒಂದ್ ಚೀಟಿ ಕೊಡು" ಎಂದು ಫೋನ್ ಇಟ್ಟರು. ಪತ್ರ ಚಿಕ್ಕದು. ಮಾರ್ಕಯನ್‌ಕೋಟ್ಟೈ ಮೂಕಮ್ಮಾಳ್ ಮಗಳು ಮುತ್ತುಸೆಲ್ವಿ, 1974ರಲ್ಲಿ ಊರು ಬಿಟ್ಟವಳು. ಯಾರಿಗಾದರೂ ಗೊತ್ತಾ? ಎಲ್ಲಿ ಅವ್ಳೆ? ಕೆಳಗೆ ತಮ್ಮ ಹೆಸರು.

ಒಂದು ವಾರದಲ್ಲಿ ಒಂಬತ್ತು ಉತ್ತರ ಬಂದವು. ಐದು ಜನ ಗೊತ್ತಿಲ್ಲ ಎಂದಿದ್ದರು. ಇಬ್ಬರು ಬೈದಿದ್ದರು. ಒಬ್ಬರು ಕೊಯಮತ್ತೂರಿನಲ್ಲಿ ನೋಡಿದ ಹಾಗೆ ನೆನಪು ಎಂದು ಬರೆದು, ಮಾರನೆಯ ದಿನ ಅದು ಬೇರೆ ಸೆಲ್ವಿ ಎಂದು ತಿದ್ದಿದ್ದರು. ಒಂಬತ್ತನೆಯದಕ್ಕೆ ಹೆಸರಿರಲಿಲ್ಲ. ಮೂರು ತಿಂಗಳ ಹಿಂದೆ ಸೇರಿ ಒಂದು ಸಲವೂ ಬರೆಯದ ಸದಸ್ಯರು. ವಿಳಾಸದ ಮೊದಲ ಭಾಗ asdfgf. ಟೈಪಿಂಗಿಗೆ ಸೇರಿದವರು ಮೊದಲ ದಿನ ಎಡಗೈಯಲ್ಲಿ ಹೊಡೆಯುವ ಪಾಠ ಅದು. ಗುಂಪಿನಲ್ಲಿ ಅರ್ಧ ಜನ ಟೈಪಿಂಗ್ ಕಲಿತವರು. ಹೆಸರು ಹೇಳಲು ಇಷ್ಟವಿಲ್ಲದ ಯಾರಾದರೂ ಇಡಬಹುದಾದ ವಿಳಾಸ. ಪತ್ರದಲ್ಲಿ ಇದ್ದದ್ದು ನಾಲ್ಕು ಅಕ್ಷರ: ille.

ತಮಿಳಿನಲ್ಲಿ ಇಲ್ಲೆ ಎಂದರೆ ಇಲ್ಲ. ನಿಯಮವಿದ್ದರೂ ಆ ತನಕ ಗುಂಪಿಗೆ ಬಂದಿದ್ದ ನೂರಹನ್ನೆರಡು ಪತ್ರಗಳಲ್ಲಿ ಮೂವತ್ತೊಂದು ತಮಿಳಿನಲ್ಲೇ ಇದ್ದವು. ತಿಲಗವತಿ ನೋಟುಪುಸ್ತಕದಲ್ಲಿ ಗೊತ್ತಿಲ್ಲದವರ ಸಾಲಿಗೆ ಆರನೇ ಗೆರೆ ಎಳೆದರು. ಮುಂದಿನ ಭಾನುವಾರ ಮೊರದ ಬಗ್ಗೆ ಕೇಳಿದರು.

ದೀಪಾವಳಿ ಬಂದು ಹೋಯಿತು. ಸದಸ್ಯರು ನೂರಾಗಲಿಲ್ಲ, ಐವತ್ತೆಂಟಾದರು. ಬೈದವರಿಬ್ಬರೂ ಗುಂಪು ಬಿಡಲಿಲ್ಲ. ಮೊರದ ವಿಷಯದಲ್ಲಿ ಅವರೇ ಎಲ್ಲರಿಗಿಂತ ಹೆಚ್ಚು ಬರೆದರು. ನವೆಂಬರ್ 21ರಂದು ಸಂಜೆ ಐದು ಗಂಟೆಗೆ ಜಗಲಿಯಲ್ಲಿ ಆ ವಾರದ ಪತ್ರಗಳನ್ನು ಓದಿ ಮುಗಿಸಿದಾಗ ಮೂಕಮ್ಮಾಳ್ ಎದ್ದು ಒಳಗೆ ಹೋಗಲಿಲ್ಲ.

"ನನ್ ಮಗ್ಳ ವಿಸಯ ಕೇಳಿದ್ಯಂತೆ. ಕಾಮರಾಜು ಬಾಯಿ ಬಿಟ್ಟ. ಓದು."

"ಅದ್ರಲ್ಲಿ ಒಂದೂ ಇಲ್ಲ ಅತ್ತೆ."

"ಒಂದೂ ಇಲ್ಲದ ಕಾಗ್ದ ನಾಕ್ ತಿಂಗ್ಳು ಯಾಕ್ ಮಡಿಚಿ ಇಟ್ಟಿದೀಯ? ಓದು ಕೂಸೆ. ಬೈದಿದ್ರೂ ಓದು. ಬೈಯೋರ ಬಾಯಿ ನಾ ಕಂಡಿಲ್ವಾ?"

ತಿಲಗವತಿ ಚೀಲದಿಂದ ಕಾಗದ ತೆಗೆದು, ಬಂದ ಕ್ರಮದಲ್ಲೇ ಓದಿದರು. ಬೈದವರಲ್ಲೊಬ್ಬರ ಹೆಸರು ಕೇಳಿ ಮೂಕಮ್ಮಾಳ್, "ಓ, ಅವ್ನಾ. ಅವ್ನಪ್ಪನೂ ಅಂಗೇ. ಎಲೆ ತುಂಬ ಬಡಿಸಿದ್ರೂ ಉಪ್ಪಿಲ್ಲ ಅಂತ ಎದ್ದ ಮನುಸ" ಎಂದರು. ಕೊಯಮತ್ತೂರಿನ ಬೇರೆ ಸೆಲ್ವಿಯ ಪತ್ರ ಬಂದಾಗ ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಆತಾ?"

"ಕಡೇದೊಂದು. ಹೆಸರಿಲ್ಲ. ಒಂದೇ ಮಾತು. ಇಲ್ಲೆ."

"ಇಲ್ಲೆ ಅಂದ್ರೆ? ಯಾವೂರಲ್ಲಿ?"

"ಊರಲ್ಲ ಅತ್ತೆ. ತಮಿಳು ಅದು. ಇಲ್ಲ ಅಂತ."

"ತಮಿಳು ಯಾಕ್ ಬರೀತಾರೆ?" ಮೂಕಮ್ಮಾಳ್ ಗದರಿದರು. "ತಮಿಳು ಬರೀಬೇಡಿ, ನಮ್ ಮಾತೇ ಬರೀರಿ ಅಂತ ನೀನೇ ತಾನೆ ಸಟ್ಟ ಮಾಡಿದ್ದು? ನೀ ಎಲ್ಲಿ ಅವ್ಳೆ ಅಂತ ಕೇಳ್ದೆ. ಇಲ್ಲೆ ಅಂದ್ರು. ಕೇಳಿದ್ಕೆ ಜವಾಬು ಅದು."

ಮನೆಯ ಮಾತಿನಲ್ಲಿ ಇಲ್ಲ ಎನ್ನಬೇಕಾದರೆ ಇಲ್ಲ ಎಂದೇ ಹೇಳುತ್ತಾರೆ. ಇಲ್ಲೆ ಎಂದರೆ ಇಲ್ಲಿಯೇ. ಜಗಲಿಯ ಮೇಲೆ ಕೂತವರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ತಿಲಗವತಿಯ ಪತ್ರದಲ್ಲಿ ಎರಡು ಪ್ರಶ್ನೆಗಳಿದ್ದವು. ಉತ್ತರವನ್ನು ಅವರು ಮೊದಲನೆಯದಕ್ಕೆ ಹೊಂದಿಸಿ ಓದಿದ್ದರು. ಕಣ್ಣು ಕಾಣದ ಮೂಕಮ್ಮಾಳ್ ಕಿವಿಯಲ್ಲಿ ಓದಿ ಎರಡನೆಯದಕ್ಕೆ ಹೊಂದಿಸಿದರು. ತಿಲಗವತಿ ಕಾಗದವನ್ನು ಮತ್ತೆ ನೋಡಿದರು. ವಿಳಾಸದ ಆ ಆರು ಅಕ್ಷರಗಳನ್ನು 1973ರ ಜೂನಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಒಂದು ವಾರ ಹೊಡೆದಿದ್ದರು. ಸೆಲ್ವಿ ಬೇಜಾರಾಗಿ ಅದನ್ನು ಹಾಡಿನಂತೆ ಗುನುಗಿ ಮೇಷ್ಟರ ಕೈಲಿ ಬೈಸಿಕೊಂಡಿದ್ದಳು.

ಇದು ಪುರಾವೆಯಲ್ಲ ಎಂದು ತಿಲಗವತಿ ನೋಟುಪುಸ್ತಕದಲ್ಲಿ ಬರೆದಿದ್ದಾರೆ. ತಮಾಷೆಗೆ ಯಾರಾದರೂ ಬರೆದಿರಬಹುದು. ನಿಜಕ್ಕೂ ತಮಿಳೇ ಇರಬಹುದು. ಅದರ ಕೆಳಗೆ, ಬೇರೆ ಶಾಯಿಯಲ್ಲಿ: "ಆದರೆ ಅತ್ತೆಗೆ ಅವಳ ದನಿಯಲ್ಲೇ ಕೇಳಿಸಿತಂತೆ."

ಮಾರನೆಯ ದಿನ ಸೋಮವಾರ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ತರಗತಿ ಬಿಟ್ಟು ತೇನಿ ಬಸ್ಸು ಹತ್ತಿದರು. ಹತ್ತೂವರೆಗೆ ಲೈನ್ ಸಿಕ್ಕಿತು. ನೇರವಾಗಿ ಆ ವಿಳಾಸಕ್ಕೆ ಬರೆದರು. ನಿಮಿಷಕ್ಕೆ ಅರವತ್ತು ಪದ ಹೊಡೆಯುವವರಿಗೆ ಆರು ಸಾಲು ಹೊಡೆಯಲು ನಲವತ್ತು ನಿಮಿಷ ಬೇಕಾಯಿತು. ಅತ್ತೆ ಇದ್ದಾರೆ, ಮಾಮ ಇಲ್ಲ, ಒಂದು ಬಸ್ಸು ಬಿಡದೆ ಹೋದದ್ದು ನನ್ನ ತಪ್ಪು, ಎಲ್ಲಿ ಎಂದು ಹೇಳಿದರೆ ನಾನೇ ಬರುತ್ತೇನೆ. ಕಳಿಸಿದ ಮೂರು ನಿಮಿಷಕ್ಕೆ ಪತ್ರ ವಾಪಸು ಬಂತು.

ವಿಘ್ನೇಶ್ವರನ್ ಪರದೆಯನ್ನು ಓದಿ ಹೇಳಿದರು. ಬಹಳ ದಿನ ಯಾರೂ ತೆರೆಯದ ಖಾತೆಯನ್ನು ಕಂಪನಿಯವರು ಮುಚ್ಚಿದ್ದಾರೆ. ಪೆಟ್ಟಿಗೆ ಈಗಿಲ್ಲ.

"ಮುಚ್ಚಿದ್ದು ಯಾವತ್ತು?"

"ತಿಳಿಯೋದಿಲ್ಲ ಅಕ್ಕಾ."

"ಎಲ್ಲಿಂದ ಬರ್ದಿದ್ರು?"

"ಅದೂ ತಿಳಿಯೋದಿಲ್ಲ." ವಿಘ್ನೇಶ್ವರನ್ ಕೀಲಿಮಣೆಯನ್ನು ಅವರ ಕಡೆ ಸರಿಸಿ, "ಆ ಹೆಸರು ಈಗ ಖಾಲಿ ಇದೆ. ಬೇಕಾದರೆ ನೀವೇ ತಗೋಬಹುದು. ಯಾರಾದರೂ ಅದಕ್ಕೆ ಬರೆದರೆ ನಿಮಗೇ ಬರುತ್ತೆ" ಎಂದರು.

"ಬೇಡ. ಅದು ಅವ್ಳ ಸೀಟು."

ಡಿಸೆಂಬರಿನ ಮೊದಲ ವಾರ ಕಾಮರಾಜ್ ಬಾಳೆಗೆ ನೀರು ಬಿಡುವುದನ್ನು ಪಕ್ಕದವರಿಗೆ ವಹಿಸಿ ಹೆಂಡತಿಯ ಜೊತೆ ವೇದಸಂದೂರಿಗೆ ಹೋದರು. ಗಣೇಶನ್ ಮಂಡಿಯಿಂದ ತರಕಾರಿ ಹೋಗುತ್ತಿದ್ದ ನಾಲ್ಕು ಗಿರಣಿಗಳ ಕ್ಯಾಂಟೀನುಗಳಲ್ಲಿ ಕೇಳಿದರು. ಒಂದರ ಗೋಡೆಯಲ್ಲಿ, ಊಟದ ಸಮಯದ ಪಟ್ಟಿಯ ಪಕ್ಕದಲ್ಲಿ, ತಿಲಗವತಿಯ ಚೀಟಿ ಅಂಟಿಸಿತ್ತು. ಯಾರು ಅಂಟಿಸಿದ್ದು ಎಂದರೆ ಅಡುಗೆಯವನಿಗೆ ನೆನಪಿಲ್ಲ. ಆಫೀಸಿನಲ್ಲಿ ಟೈಪು ಮಾಡುತ್ತಿದ್ದ ಹೆಂಗಸೊಬ್ಬರಿದ್ದರು, ಕಂಪ್ಯೂಟರು ಕಲಿತರು, ಆಡಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನ ಮೇಲೆ, ಕೆಲಸ ಬಿಟ್ಟರು. ಹೆಸರು ಅವನಿಗೆ ಗೊತ್ತಿಲ್ಲ, ಟೈಪಿಸ್ಟಮ್ಮ ಎನ್ನುತ್ತಿದ್ದರು. ಆಫೀಸಿನವರು ಹೊರಗಿನವರಿಗೆ ವಿವರ ಕೊಡುವುದಿಲ್ಲ ಎಂದರು. ಕಾಮರಾಜ್ ವಾಗ್ವಾದಕ್ಕೆ ಇಳಿದರು, ಬೆಲ್ಲದ ಮಾತೂ ಆಡಿ ನೋಡಿದರು. ತಿಲಗವತಿ ಆ ಹೊತ್ತಿನಲ್ಲಿ ಕ್ಯಾಂಟೀನಿನ ಗೋಡೆಯ ಮುಂದೆ ನಿಂತು, ಸಡಿಲವಾಗಿದ್ದ ಚೀಟಿಯ ಒಂದು ಮೂಲೆಯನ್ನು ಅನ್ನದ ಅಗುಳಿನಿಂದ ಮತ್ತೆ ಅಂಟಿಸುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಯೋಜನೆಯನ್ನು ಎರಡನೇ ಸಲ ತಿದ್ದಿದರು. ನೂರು ಜನ ಎಂಬ ಗುರಿಯನ್ನು ತೆಗೆದರು. ತಾವಿರುವ ಜಾಗವನ್ನು ಪ್ರತಿ ಪತ್ರದ ಕೆಳಗೂ ಬರೆಯುವುದೆಂದು ವಿಧಾನದಲ್ಲಿ ಸೇರಿಸಿದರು. ಆ ಭಾನುವಾರದಿಂದ ಗುಂಪಿನ ಪ್ರತಿ ಪತ್ರ ಹೀಗೆ ಮುಗಿಯತೊಡಗಿತು: ತಿಲಗವತಿ, ಭಾನುವಾರ ಹತ್ತರಿಂದ ಒಂದರ ತನಕ, ತೇನಿ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿ ಮಹಡಿ. ಅದನ್ನು ನೋಡಿ ಪಾಲಕ್ಕಾಡಿನ ಸದಸ್ಯರೊಬ್ಬರು ಹೆಂಡತಿ ಮಕ್ಕಳೊಂದಿಗೆ ನಿಜಕ್ಕೂ ಮೆಟ್ಟಿಲು ಹತ್ತಿ ಬಂದರು. ಮೆಟ್ಟಿಲ ಮೇಲೆ ಹೆಂಗಸಿನ ಬಳೆಯ ಸದ್ದು ಕೇಳಿ ತಿಲಗವತಿ ಎದ್ದು ನಿಂತರೆಂದೂ, ಬಂದವರಿಗೆ ಕಾಫಿ ತರಿಸಿ ಎರಡು ಗಂಟೆ ಮಾತಾಡಿಸಿದರೆಂದೂ ವಿಘ್ನೇಶ್ವರನ್ ಹೇಳುತ್ತಾರೆ.

ಡಿಸೆಂಬರ್ 26ರ ಭಾನುವಾರ ದಿಂಡಿಗಲ್‌ನ ಕಲ್ಯಾಣಮಂಟಪವೊಂದರಲ್ಲಿ ಸಮುದಾಯದವರ ಸಭೆ ಇತ್ತು. ಗುಂಪಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಅದರ ಬಗ್ಗೆ ಹೇಳಲು ತಿಲಗವತಿಗೆ ಐದು ನಿಮಿಷ ಕೊಟ್ಟರು. ಅವರು ಮೂರೂವರೆ ನಿಮಿಷದಲ್ಲಿ ಮುಗಿಸಿದರು. ಎಷ್ಟು ಪದ ಸಿಕ್ಕಿತು, ಎಷ್ಟು ಪತ್ರ ಬಂತು, ಯಾವ ಊರುಗಳಿಂದ ಬಂತು. ಬೈದವರಿಬ್ಬರೂ ಎದುರಿನ ಸಾಲಿನಲ್ಲೇ ಇದ್ದರು. ಅವರ ಕಡೆಗೂ ನೋಡಿಯೇ ಮಾತಾಡಿದರು.

ಅಧ್ಯಕ್ಷತೆ ವಹಿಸಿದ್ದ ಹಿರಿಯರು ಮೈಕನ್ನು ತಮ್ಮ ಕಡೆ ಎಳೆದುಕೊಂಡರು. "ಎಲ್ಲ ಶರಿ ತಾಯಿ. ಒಟ್ಟು ಎಷ್ಟ್ ಜನ ಐದಾರೆ ಅದ್ರಲ್ಲಿ?"

ಹಿಂದಿನ ದಿನ ತೆಗೆದ ಸದಸ್ಯರ ಪಟ್ಟಿ ಗಣೇಶನ್ ಕೈಯಲ್ಲಿತ್ತು. ಅದರಲ್ಲಿದ್ದದ್ದು ಅರವತ್ತೊಂದು ಹೆಸರು. ಪತ್ರ ತಲುಪದ ಆ ಆರು ಅಕ್ಷರದ ವಿಳಾಸವನ್ನು ಯಂತ್ರವೇ ಪಟ್ಟಿಯಿಂದ ತೆಗೆದುಹಾಕಿತ್ತು. ಗಣೇಶನ್ ಆ ಸಂಖ್ಯೆಯ ಕೆಳಗೆ ಬೆರಳಿಟ್ಟು ಪಟ್ಟಿಯನ್ನು ತಿಲಗವತಿಯ ಕಡೆ ಚಾಚಿದರು. ತಿಲಗವತಿ ಅದನ್ನು ನೋಡಿದರು. ಇಪ್ಪತ್ತು ವರ್ಷ ಬೇರೆಯವರ ಒಂದೊಂದು ತಪ್ಪಿಗೂ ಕೆಂಪು ಗುರುತು ಹಾಕಿದವರು, ಮೈಕಿನ ಮುಂದೆ ಬಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಅರವತ್ತೆರಡು."